ಹೊರಗೆ ನೋಡದೆ ಹಾರುವುದು

ಬೆಳಗಿನಿಂದ ಮ್ವಾಕಿಯೊ ಆ ಪೆಟ್ಟಿಗೆಯೊಳಗೆ ಕೂತಲ್ಲೇ ಮೂರು ಸಲ ಸತ್ತಿದ್ದ. ಎರಡು ಸಲ ಎನ್ಗಾಂಗ್ ಬೆಟ್ಟಕ್ಕೆ ಹೋಗಿ ಬಡಿದಿದ್ದ. ಮೂರನೆಯ ಸಲ ಯಾವುದಕ್ಕೆ ಬಡಿದೆ ಅಂತ ಅವನಿಗೇ ತಿಳಿಯಲಿಲ್ಲ. ಎದುರಿನ ಪರದೆ ಕೆಂಪಗಾಯಿತು, ಎಂಜಿನ್ನಿನ ಸುಳ್ಳು ಸದ್ದು ಗಪ್ಪನೆ ನಿಂತಿತು.

“ಹೋದ್ರಿ, ಮ್ಜೇ,” ಎಂದಳು ಪಕ್ಕದಲ್ಲಿ ಕೂತಿದ್ದ ಚೆಲಗಟ್, ಯಾರೋ ಬಸ್ಸು ತಪ್ಪಿಸಿಕೊಂಡರು ಅನ್ನುವಷ್ಟೇ ಸಹಜವಾಗಿ. “ಏಳಿ, ಚಹಾ ಕುಡಿಯೋಣ. ಸತ್ತವರಿಗೆ ತಿನ್ನೋಕೆ ಕರಿದ ಮಂದಾಜಿ ಬೇರೆ ಕೊಡಿಸ್ತೀನಿ.”

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಆ ಪೆಟ್ಟಿಗೆ ಇತ್ತು. ಒಳಗೆ ವಿಮಾನದ ಸೀಟು, ವಿಮಾನದ ಹಿಡಿ, ವೇಗ ಎತ್ತರ ತೋರಿಸುವ ವಿಮಾನದ ಗಡಿಯಾರಗಳು. ರೆಕ್ಕೆಯೊಂದು ಇಲ್ಲ ಅಷ್ಟೆ. ಮೋಡದೊಳಗೆ ಕಣ್ಣಿಗೆ ಏನೂ ಕಾಣದಿದ್ದಾಗ ಬರೀ ಗಡಿಯಾರಗಳನ್ನು ನೋಡಿಕೊಂಡು ವಿಮಾನ ಹಾರಿಸುವುದನ್ನು ಮೊದಲು ಅದರಲ್ಲಿ ಕೂರಿಸಿ ಕಲಿಸುತ್ತಿದ್ದರು. ಕಲಿಯಲು ಬರುವವರೆಲ್ಲ ಮೀಸೆ ಬಲಿಯದ ಹುಡುಗರು, ಉಗುರಿಗೆ ಬಣ್ಣ ಹಚ್ಚಿದ ಹುಡುಗಿಯರು. ಅವರ ನಡುವೆ ಮ್ವಾಕಿಯೊ ಒಬ್ಬನೇ ಐವತ್ತು ದಾಟಿದವನು. ಅದಕ್ಕೇ ಚೆಲಗಟ್ ಅವನನ್ನು ಹಿರಿಯರನ್ನು ಕರೆಯುವ ಹಾಗೆ ‘ಮ್ಜೇ’ ಅನ್ನುತ್ತಿದ್ದಳು. ಅವಳಿಗೆ ಅವನ ಮಗಳ ವಯಸ್ಸು. ಅವನು ಅವಳನ್ನು ಟೀಚರಮ್ಮ ಅನ್ನುತ್ತಿದ್ದ, ಮೊದಮೊದಲು ತಮಾಷೆಗೆ, ಆಮೇಲೆ ತಮಾಷೆ ಉಳಿಯಲಿಲ್ಲ.

ಹಾರುವುದು ಮ್ವಾಕಿಯೊಗೆ ಹೊಸದಾಗಿರಲಿಲ್ಲ. ಪ್ರಾಣಿಗಳನ್ನು ಎಣಿಸುವ ಒಂದು ಚಿಕ್ಕ ಸಂಸ್ಥೆಯ ಹಳೆಯ ಸೆಸ್ನಾ ವಿಮಾನವನ್ನು ಅವನು ವೋಯ್ ಊರಿನಿಂದ ಎತ್ತಿಕೊಂಡು ತ್ಸಾವೋ ಬಯಲಿನ ಮೇಲೆ ಎಷ್ಟೋ ವರ್ಷ ಹಾರಿಸಿದ್ದ. ಮರದ ತುದಿ ಸವರಿಕೊಂಡು ಹೋಗುವಷ್ಟು ಕೆಳಗೆ, ಕೆಂಪು ಧೂಳು ಮೆತ್ತಿಕೊಂಡ ಆನೆಗಳ ಬೆನ್ನ ಮೇಲೆ ತನ್ನ ನೆರಳು ಬೀಳಿಸಿಕೊಂಡು. ಗಡಿಯಾರಗಳ ಕಡೆ ಅವನು ನೋಡುತ್ತಿದ್ದದ್ದು ಅಪರೂಪ. ವಿಮಾನ ವಾಲಿದರೆ ಅವನ ಸೊಂಟಕ್ಕೆ ಗೊತ್ತಾಗುತ್ತಿತ್ತು, ಇಳಿದರೆ ಹೊಟ್ಟೆಗೆ ಗೊತ್ತಾಗುತ್ತಿತ್ತು. ವೋಯ್‌ನಲ್ಲಿ ಅವನಂಥ ಪೈಲಟ್ ಇಲ್ಲ ಅಂತ ಜನ ಹೇಳುತ್ತಿದ್ದರು. ಅವನೂ ಬೇಡ ಅನ್ನುತ್ತಿರಲಿಲ್ಲ.

ಅವನ ಬಲಗಡೆ ಸೀಟಿನಲ್ಲಿ ಯಾವಾಗಲೂ ಕಿಲೋಂಜೊ. ಹಾರಿಸುವವನು ಇವನು, ಎಣಿಸುವವನು ಅವನು. ಕಿಲೋಂಜೊ ಮ್ಟಿಟೊ ಊರಿನ ಕಡೆಯ ಕಾಂಬಾ ಬುಡಕಟ್ಟಿನವನು, ಮ್ವಾಕಿಯೊ ತೈತ ಬೆಟ್ಟದವನು. ಕಾಂಬಾದವರು ದುಂದುಗಾರರು, ತೈತದವರು ಮಾಟಗಾರರು ಅಂತ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತ ಇಬ್ಬರ ತಲೆಯೂ ನರೆಗೂಡಿತ್ತು. ಒಂದೇ ಫ್ಲಾಸ್ಕಿನ ಚಹಾ, ಒಂದೇ ಮುಚ್ಚಳದಲ್ಲಿ ಕುಡಿದವರು.

ಜುಲೈ ತಿಂಗಳ ಒಂದು ಬೆಳಿಗ್ಗೆ ತೈತ ಬೆಟ್ಟಗಳ ಬುಡದಲ್ಲಿ ಅವರು ಮೋಡದೊಳಗೆ ಸಿಕ್ಕಿಬಿದ್ದರು. ಅಲ್ಲಿ ಜುಲೈ ಅಂದರೆ ಚಳಿಗಾಲ. ಆ ಚಳಿಯ ಮೋಡ ಬೆಟ್ಟದ ಮೇಲಿಂದ ಹಾಲು ಉಕ್ಕಿದ ಹಾಗೆ ಇಳಿದು ಬಂದು ಸುತ್ತಿಕೊಂಡಿತು. ಕಿಟಕಿಯಾಚೆ ಬಿಳುಪು ಬಿಟ್ಟರೆ ಬೇರೇನಿಲ್ಲ. ಮ್ವಾಕಿಯೊ ಹೆದರಲಿಲ್ಲ. ವಿಮಾನ ನೇರವಾಗಿ ಹೋಗುತ್ತಿದೆ ಅಂತ ಅವನ ಸೊಂಟ ಹೇಳುತ್ತಿತ್ತು, ಹೊಟ್ಟೆ ಹೇಳುತ್ತಿತ್ತು.

“ಮ್ವಾಕಿಯೊ, ಎಂಜಿನ್ ಸದ್ದು ಏರ್ತಾ ಇದೆ,” ಎಂದ ಕಿಲೋಂಜೊ.

“ಬಾಯ್ಮುಚ್ಕೊಂಡಿರು.”

“ಏರ್ತಾ ಇದೆ ಕಣೋ. ನಾವು ಬೀಳ್ತಾ ಇದೀವಿ.”

“ಬಾಯ್ಮುಚ್ಚು ಅಂದೆ!”

ಮರುಕ್ಷಣ ಮೋಡದ ತಳ ಹರಿಯಿತು. ಗಾಜಿನ ತುಂಬ ಕತ್ತಾಳೆ ತೋಟ, ಅದೂ ಗೋಡೆಗೆ ನೇತುಹಾಕಿದ ಚಾಪೆಯ ಹಾಗೆ ಅಡ್ಡಡ್ಡ. ವಿಮಾನ ಒಂದು ರೆಕ್ಕೆಯ ಮೇಲೆ ಮಲಗಿ ಸುತ್ತುತ್ತ ಇಳಿಯುತ್ತಿತ್ತು. ಹೇಗೆ ಎತ್ತಿದೆ ಅಂತ ಮ್ವಾಕಿಯೊಗೆ ಆಮೇಲೂ ನೆನಪಾಗಲಿಲ್ಲ. ನೆಲಕ್ಕೆ ಬಂದ ಮೇಲೆ ಕಿಲೋಂಜೊ ಇಳಿದು, ರೆಕ್ಕೆಯ ನೆರಳಿನಲ್ಲಿ ಬಹಳ ಹೊತ್ತು ಕೂತಿದ್ದ. ಬೈಯಲಿಲ್ಲ. “ನಾನಿನ್ನು ಮೇಲೆ ಬರಲ್ಲ ಕಣೋ,” ಅಂದ ಅಷ್ಟೆ. ಎದ್ದು ಹೋಗಿ ಮ್ಟಿಟೊ ಬಸ್ಸು ಹತ್ತಿದ.

ಮ್ವಾಕಿಯೊನ ಹೆಂಡತಿ ವಕೇಶೊ ಆ ರಾತ್ರಿ ಗಂಡನಿಗೆ ಉಗಾಲಿ ಮುದ್ದೆ ಬಡಿಸಿ ಎದುರಿಗೇ ಕೂತಳು. “ನನಗೆ ಹಾರೋ ಗಂಡನ್ನ ಕಟ್ಕೊಂಡು ಅಭ್ಯಾಸ ಆಗಿದೆ. ಬೀಳೋ ಗಂಡ ಬೇಡ. ಆ ಗಡಿಯಾರದ ವಿದ್ಯೆ ಅಂತ ಏನೋ ಇದೆಯಲ್ಲ, ಕಲಿತು ಬಾ. ಇಲ್ಲಾಂದ್ರೆ ಅಂಗಡಿ ಇಟ್ಕೊಂಡು ಟೊಮೆಟೊ ಮಾರು.”

ಹಾಗೆ ಅವನು ನೈರೋಬಿಗೆ ಬಂದದ್ದು.

ಪೆಟ್ಟಿಗೆಯಿಂದ ನಿಜವಾದ ವಿಮಾನಕ್ಕೆ ಬಂದ ದಿನ ಚೆಲಗಟ್ ಅವನನ್ನು ಅಥಿ ಬಯಲಿನ ಮೇಲೆ ಕರೆದುಕೊಂಡು ಹೋದಳು. ಆಕಾಶ ತೊಳೆದ ಹಾಗಿತ್ತು.

“ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೂತ್ಕೊಳ್ಳಿ, ಮ್ಜೇ. ನಾನು ಹಾರಿಸ್ತೀನಿ. ವಿಮಾನ ಏನು ಮಾಡ್ತಿದೆ ಅಂತ ಹೇಳ್ತಾ ಹೋಗಿ.”

ಇದೇನು ಮಹಾ ಅಂದುಕೊಂಡು ಮ್ವಾಕಿಯೊ ಕಣ್ಣು ಮುಚ್ಚಿದ. “ನೇರ ಹೋಗ್ತಿದೆ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಈಗಲೂ ನೇರ.” ಇನ್ನೂ ಸ್ವಲ್ಪ ಹೊತ್ತಿಗೆ, “ಹಾಂ, ಈಗ ಬಲಕ್ಕೆ ತಿರುಗಿಸಿದ್ರಿ.”

“ಖಂಡಿತಾನಾ?”

“ಟೀಚರಮ್ಮ, ನನ್ನ ಸೊಂಟ ಸುಳ್ಳು ಹೇಳಲ್ಲ.”

“ಕಣ್ಣು ಬಿಡಿ.”

ಬಿಟ್ಟ. ವಿಮಾನ ನೇರವಾಗಿತ್ತು, ಮೇಜಿನ ಮೇಲಿಟ್ಟ ತಟ್ಟೆಯ ಹಾಗೆ. ಅವನು ನೇರ ಅಂದಷ್ಟು ಹೊತ್ತೂ ಅದು ನಿಧಾನಕ್ಕೆ ಎಡಕ್ಕೆ ಸುತ್ತುತ್ತಿತ್ತು. ಬಲಕ್ಕೆ ಅಂದಾಗ ಅವಳು ಸುತ್ತುವುದನ್ನು ನಿಲ್ಲಿಸಿ ನೇರ ಮಾಡಿದ್ದಳು. ಇನ್ನೊಂದು ಸಲ ಮಾಡಿಸಿದಳು. ಮತ್ತೊಂದು ಸಲ. ಪ್ರತಿ ಸಲವೂ ಅವನು ಖಂಡಿತವಾಗಿ ಹೇಳಿದ, ಪ್ರತಿ ಸಲವೂ ತಪ್ಪಿದ. ಆ ಜುಲೈ ಬೆಳಿಗ್ಗೆಯೂ ಹೀಗೇ ಆಗಿತ್ತು ಅಂತ ಅವನಿಗೆ ತಿಳಿಯಿತು. ಕಿವಿ ಬಿಸಿಯಾಯಿತು. ಇಷ್ಟು ವರ್ಷ ಜೊತೆಯಲ್ಲಿದ್ದ ಮೈಯೇ ತನಗೆ ಮೋಸ ಮಾಡಿತಲ್ಲ ಅನ್ನಿಸಿ ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಚೆಲಗಟ್ ವಿಮಾನವನ್ನು ಸುಮ್ಮನೆ ಒಂದಿಷ್ಟು ದೂರ ಹೋಗಲು ಬಿಟ್ಟಳು.

“ನಿಮ್ಮ ಮೈ ಸುಳ್ಳು ಹೇಳ್ತಿಲ್ಲ, ಮ್ಜೇ,” ಎಂದಳು ಆಮೇಲೆ. “ಪಾಪ, ಅದಕ್ಕೆ ಗೊತ್ತಿಲ್ಲ ಅಷ್ಟೆ. ನೆಲದ ಮೇಲೆ ನಡೆಯೋಕೆ ಅಂತ ಮಾಡಿದ ಮೈ ಅದು. ಎಲ್ಲರದ್ದೂ ಹಾಗೇ. ನನ್ನದೂ ಹಾಗೇ. ಮೊದಲ ದಿನ ನಾನು ವಾಂತಿ ಮಾಡ್ಕೊಂಡು ಮನೆಗೆ ಹೋಗಿ ಅತ್ತಿದ್ದೆ. ನೀವು ವಾಂತಿನೂ ಮಾಡಿಲ್ಲ.”

“ಅಳೋದೊಂದು ಬಾಕಿ ಇದೆ,” ಎಂದ ಮ್ವಾಕಿಯೊ.

“ಅದನ್ನ ಕೆಳಗಿಳಿದ ಮೇಲೆ ಇಟ್ಕೊಳ್ಳಿ. ಇಲ್ಲಿ ಗಡಿಯಾರ ಮಂಜಾಗಿ ಕಾಣುತ್ತೆ.”

ಅಲ್ಲಿಂದ ಪಾಠ ಶುರುವಾಯಿತು. ಅವನ ತಲೆಗೆ ಉದ್ದ ಮೂತಿಯ ಒಂದು ಟೋಪಿ ಹಾಕುತ್ತಿದ್ದಳು. ಗಾಡಿ ಎಳೆಯುವ ಕತ್ತೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಅದನ್ನು ಹಾಕಿಕೊಂಡರೆ ಹೊರಗಿನದೇನೂ ಕಾಣದು, ಎದುರಿನ ಆರು ಗಡಿಯಾರ ಮಾತ್ರ. ವೇಗ, ಎತ್ತರ, ದಿಕ್ಕು, ಏರುತ್ತಿದೆಯೋ ಇಳಿಯುತ್ತಿದೆಯೋ, ತಿರುಗುತ್ತಿದೆಯೋ. ನಡುವೆ ಒಂದು ಗುಂಡು, ಮೇಲರ್ಧ ನೀಲಿ, ಕೆಳಗರ್ಧ ಕಂದು, ಅದರ ಮೇಲೊಂದು ಪುಟಾಣಿ ವಿಮಾನ. ಅದೇ ಅವನ ಆಕಾಶ, ಅದೇ ಅವನ ನೆಲ. ಹೊರಗೆ ಬೇರೆ ವಿಮಾನ ಬರುತ್ತಿದೆಯೇ ಅಂತ ನೋಡುವುದು ಚೆಲಗಟ್‌ಳ ಕೆಲಸ.

ಮ್ವಾಕಿಯೊ ಮಾಡುತ್ತಿದ್ದ ತಪ್ಪು ಒಂದೇ. ಎತ್ತರದ ಮುಳ್ಳು ಸ್ವಲ್ಪ ಜಾರಿತೆಂದರೆ ಅದನ್ನೇ ದುರುಗುಟ್ಟಿ ನೋಡುತ್ತ ಕೂರುತ್ತಿದ್ದ. ಅದನ್ನು ಸರಿಮಾಡುವಷ್ಟರಲ್ಲಿ ದಿಕ್ಕು ಎತ್ತಲೋ ಹೋಗಿರುತ್ತಿತ್ತು. ದಿಕ್ಕಿನ ಹಿಂದೆ ಬಿದ್ದರೆ ವೇಗ ಕೈ ತಪ್ಪುತ್ತಿತ್ತು.

“ನಿಮಗೆ ಮಕ್ಕಳೆಷ್ಟು, ಮ್ಜೇ?” ಎಂದು ಕೇಳಿದಳು ಒಂದು ದಿನ.

“ನಾಲ್ಕು.”

“ಒಂದು ಅತ್ರೆ ಉಳಿದ ಮೂರನ್ನ ಬೀದಿಲಿ ಬಿಟ್ಟು ಓಡ್ತಿದ್ರಾ?”

“ನಾನೆಲ್ಲಿ ನೋಡ್ಕೊಂಡೆ? ವಕೇಶೊ ನೋಡ್ಕೊಂಡ್ಲು.”

“ಹಾಗಾದ್ರೆ ನಿಮ್ಮ ಹೆಂಡತಿಗೆ ಕಲಿಸಿದ್ರೆ ನನಗೆ ಕೆಲಸ ಸುಲಭ ಆಗ್ತಿತ್ತು. ಎಲ್ಲವನ್ನೂ ನೋಡ್ತಾ ಇರಿ. ಪ್ರತಿ ಸಲ ನಡುವಿನ ಗುಂಡಿಗೆ ವಾಪಸ್ ಬನ್ನಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಮತ್ತೆ ವಾಪಸ್ ಬನ್ನಿ. ಮುಳ್ಳು ಜಾರಿದ್ರೆ ಸಿಟ್ಟು ಮಾಡ್ಬೇಡಿ. ಇಷ್ಟೇ ಇಷ್ಟು ತಿದ್ದಿ. ಆಮೇಲೆ ಕಾಯಿರಿ.”

ಅವನು ಹಿಡಿಯನ್ನು ಎಮ್ಮೆಯ ಕೊಂಬು ಹಿಡಿದ ಹಾಗೆ ಹಿಡಿಯುತ್ತಿದ್ದ. ಅವಳು ತನ್ನ ಜೇಬಿನಿಂದ ಪೆನ್ಸಿಲ್ ತೆಗೆದು ಅವನ ಬೆರಳುಗಳ ಸಂದಿಯಲ್ಲಿ ತೂರಿಸಿದಳು. ಬಿಗಿಯಾಗಿ ಹಿಡಿದರೆ ಬೆರಳು ನೋಯುತ್ತಿತ್ತು. ಹಗುರವಾಗಿ ಹಿಡಿಯುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ವಾರಗಳು ಉರುಳಿದವು. ಒಂದು ಮಧ್ಯಾಹ್ನ ಟೋಪಿಯ ಕೆಳಗೆ ಬೆವರುತ್ತ ಕೂತಿದ್ದಾಗ ಮುಳ್ಳುಗಳು ಇದ್ದಕ್ಕಿದ್ದಂತೆ ತಣ್ಣಗಾದವು. ಅವನೇನೂ ಹೊಸದು ಮಾಡಿರಲಿಲ್ಲ. ಆ ಗಡಿಯಾರ ಒಂದು ಮಾತು ಹೇಳಿತು, ಈ ಗಡಿಯಾರ ಒಂದು ಮಾತು ಹೇಳಿತು, ಅವನು ಯಾರ ಬಾಯನ್ನೂ ಮುಚ್ಚಿಸದೆ ಎಲ್ಲರ ಮಾತನ್ನೂ ಕೇಳಿದ. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ವಿಮಾನ ಗೆರೆ ಎಳೆದ ಹಾಗೆ ಹೋಯಿತು. ಚೆಲಗಟ್ ಒಂದು ಮಾತೂ ಆಡಲಿಲ್ಲ. ಅವಳ ಮೌನಕ್ಕಿಂತ ದೊಡ್ಡ ಹೊಗಳಿಕೆ ಅವನಿಗೆ ಆವರೆಗೆ ಸಿಕ್ಕಿರಲಿಲ್ಲ.

ಕೆಳಗಿಳಿದ ಮೇಲೆ ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಮೋಡದೊಳಗೆ ಕಿಲೋಂಜೊಗೆ ಅಂದದ್ದು ನೆನಪಾಯಿತು. ಬಾಯ್ಮುಚ್ಚು ಅಂದಿದ್ದ ಅವನು, ಇಷ್ಟು ವರ್ಷದಲ್ಲಿ ಒಮ್ಮೆಯೂ ಅನ್ನದ ಮಾತು. ಆ ಶನಿವಾರ ಮ್ಟಿಟೊಗೆ ಹೋಗುವ ರೈಲು ಹತ್ತಿದ.

ಕಿಲೋಂಜೊ ಮನೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಮ್ವಾಕಿಯೊ ಬೇಲಿ ದಾಟಿ ಅಂಗಳಕ್ಕೆ ಬಂದರೂ ಯಾರೋ ಅಪರಿಚಿತರನ್ನು ನೋಡುವ ಹಾಗೆ ನೋಡುತ್ತ ಸುಮ್ಮನಿದ್ದ. ಇನ್ನೂ ಸಿಟ್ಟಿದೆ ಅಂದುಕೊಂಡು ಮ್ವಾಕಿಯೊ ಅಲ್ಲೇ ನಿಂತ.

“ನಾನು ಕಣೋ.”

“ಓ! ತೈತದ ಮಾಟಗಾರ!” ಕಿಲೋಂಜೊನ ಮುಖ ಅರಳಿತು. “ಸದ್ದಿಲ್ಲದೆ ಬರ್ತೀಯಲ್ಲೋ, ನಿಮ್ಮಜ್ಜಿ ಹಾಗೆ. ಮ್ವೆಂಡೆ, ನೋಡು ಯಾರು ಬಂದಿದಾರೆ! ತಿನ್ನೋಕೆ ಏನಾದ್ರೂ ಮಾಡು, ಪಟ್ಟಣದ ನೀರು ಕುಡಿದು ಸೊರಗಿರಬೇಕು.”

ಕಿಲೋಂಜೊನ ಹೆಂಡತಿ ಮ್ವೆಂಡೆ ಮುಥೊಕೊಯಿ ಬೇಯಿಸಿ ತಂದಿಟ್ಟಳು, ಜೋಳ ಕಾಳು ಹಣ್ಣಾಗಿ ಬೆಂದಿತ್ತು. ಇಬ್ಬರೂ ತಿಂದರು. ಮ್ವಾಕಿಯೊ ಪೆಟ್ಟಿಗೆಯೊಳಗೆ ಸತ್ತ ಕತೆ ಹೇಳಿದ, ಕತ್ತೆಯ ಟೋಪಿಯ ಕತೆ ಹೇಳಿದ. ಕಿಲೋಂಜೊ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಧೈರ್ಯ ಮಾಡಿ ಮ್ವಾಕಿಯೊ ಬಂದ ವಿಷಯ ತೆಗೆದ.

“ಅವತ್ತು ನಿನಗೆ ಹಾಗನ್ನಬಾರದಿತ್ತು ಕಣೋ. ಬಾಯ್ಮುಚ್ಚು ಅಂತ.”

“ಅಂದಿದ್ದೆಯಾ? ಇರಬಹುದು. ನಮ್ಮ ಮನೇಲಿ ಇವಳು ದಿನಾ ಅಂತಾಳೆ.”

“ನಾನು ಪರೀಕ್ಷೆ ಪಾಸಾದ್ರೆ ಮತ್ತೆ ಬರ್ತೀಯಾ?”

ಕಿಲೋಂಜೊನ ನಗು ನಿಂತಿತು. “ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ. ಈಗಿನ ಹುಡುಗರು ಚುರುಕಾಗಿದಾರೆ.”

“ನನ್ನ ಮೇಲೆ ನಂಬಿಕೆ ಇಲ್ಲ, ಅಲ್ವಾ?”

“ನಂಬಿಕೆ ಮಾತಲ್ಲ.” ಅಷ್ಟು ಹೇಳಿ ಅವನು ಎದ್ದ. ಮೇಯಲು ಹೋಗಿದ್ದ ಮೇಕೆಗಳು ಧೂಳೆಬ್ಬಿಸಿಕೊಂಡು ಮನೆಗೆ ಬರುತ್ತಿದ್ದವು.

ಮುಳ್ಳಿನ ಬೇಲಿಯ ದೊಡ್ಡಿಯ ಬಾಗಿಲಲ್ಲಿ ಕಿಲೋಂಜೊ ಕುಕ್ಕರುಗಾಲಲ್ಲಿ ಕೂತ. ಒಂದೊಂದೇ ಮೇಕೆ ಒಳಗೆ ಹೋಗುವಾಗ ಅದರ ಬೆನ್ನು ಮುಟ್ಟಿ ಎಣಿಸಿದ. ಮ್ವಾಕಿಯೊ ಅದನ್ನು ಪ್ರೀತಿ ಅಂದುಕೊಂಡು ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಒಂದು ಕಂದು ಮರಿ ತಾಯಿಯ ಇನ್ನೊಂದು ಮಗ್ಗುಲಿಗೆ ಅಂಟಿಕೊಂಡು, ಕಿಲೋಂಜೊನ ಮೊಣಕಾಲು ಸವರುವಷ್ಟು ಹತ್ತಿರದಲ್ಲಿ, ಅವನ ಕೈಗೆ ಸಿಗದೆ ಒಳಗೆ ನುಗ್ಗಿತು. ಕಿಲೋಂಜೊ ಅದನ್ನು ನೋಡಲಿಲ್ಲ. ಕೊನೆಯ ಮೇಕೆ ಒಳಗಾದ ಮೇಲೂ ಬಾಗಿಲು ಹಾಕದೆ ಗಾಳಿಯಲ್ಲಿ ಕೈಯಾಡಿಸಿದ. “ಮ್ವೆಂಡೆ, ಒಂದು ಮರಿ ಕಡಿಮೆ ಇದೆ!” ಎಂದು ಕೂಗಿದ.

ಮ್ವೆಂಡೆ ಬಾಗಿಲಲ್ಲಿ ನಿಂತು ಮ್ವಾಕಿಯೊನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು.

“ಒಳಗೇ ಇದೆ ಕಣೋ,” ಎಂದ ಮ್ವಾಕಿಯೊ ಮೆಲ್ಲಗೆ. “ಈಗಷ್ಟೇ ಹೋಯ್ತು, ನಿನ್ನ ಕಾಲ ಪಕ್ಕದಲ್ಲೇ.”

ಕಿಲೋಂಜೊ ತಡವರಿಸಿ ಬಾಗಿಲು ಎಳೆದು ಕಟ್ಟಿದ. ಬಾಗಿಲ ಕಂಬಕ್ಕೆ ಕೈಯೂರಿ ಬೆನ್ನು ತಿರುಗಿಸಿಕೊಂಡೇ ನಿಂತ.

“ಯಾವಾಗಿಂದ?” ಎಂದು ಕೇಳಿದ ಮ್ವಾಕಿಯೊ.

“ಹೋದ ವರ್ಷದಿಂದ. ಮೊದಲು ಸಂಜೆ ಹೊತ್ತು ಮಾತ್ರ ಮಂಜು ಮಂಜು. ಆಮೇಲೆ ಹಗಲೂ.” ಅವನ ದನಿ ಸಣ್ಣದಾಯಿತು. “ಕೊನೇ ಎಣಿಕೆಯಲ್ಲಿ ನಾನು ಅರ್ಧ ಊಹೆ ಮಾಡಿದ್ದು ಕಣೋ. ನಿನಗೆ ಹೇಳೋಕೆ ನಾಚಿಕೆ ಆಯ್ತು. ಎಣಿಸೋದು ಬಿಟ್ರೆ ನನಗೆ ಬೇರೆ ಏನು ಬರುತ್ತೆ? ಅವತ್ತಿನ ಮೋಡ... ಅದು ನನ್ನ ಕಡೆಯಿಂದ ಬಂತು, ಬಲಗಡೆಯಿಂದ. ಆ ಕಡೆ ನೋಡೋದು ನನ್ನ ಕೆಲಸ ಆಗಿತ್ತು. ನನಗೆ ಎಲ್ಲಾನೂ ಬೆಳ್ಳಗೇ ಕಾಣ್ತಿತ್ತು. ಮೋಡ ಯಾವುದು, ಆಕಾಶ ಯಾವುದು ಅಂತ ಗೊತ್ತಾಗ್ಲಿಲ್ಲ. ನಿನ್ನನ್ನ ಕೊಂದುಬಿಡ್ತಿದ್ದೆ. ವಕೇಶೊಗೆ ಏನಂತ ಹೇಳ್ತಿದ್ದೆ?”

ಮ್ವಾಕಿಯೊ ಅವನ ಪಕ್ಕಕ್ಕೆ ಹೋಗಿ ನಿಂತು, ಅವನ ಹಾಗೇ ಬಾಗಿಲ ಕಂಬಕ್ಕೆ ಕೈಯೂರಿದ.

“ಆ ಮೋಡವನ್ನ ನಾನು ನೋಡಿದ್ದೆ.”

“ಸುಮ್ನೆ ಹೇಳ್ಬೇಡ.”

“ವಕೇಶೊ ಆಣೆ. ನಿನ್ನ ಭುಜದ ಮೇಲಿಂದ ಚೆನ್ನಾಗಿ ಕಾಣ್ತಿತ್ತು. ಇನ್ನೊಂದು ಸುತ್ತು ಹಾಕಿ ಬರಬಹುದು, ಅದು ಹತ್ತಿರ ಬರೋದ್ರೊಳಗೆ ದಾಟ್ತೀನಿ ಅಂದ್ಕೊಂಡೆ. ನಾನು ಮ್ವಾಕಿಯೊ ಅಲ್ವಾ, ನನಗೇನಾಗುತ್ತೆ ಅಂದ್ಕೊಂಡೆ. ಎಂಜಿನ್ ಸದ್ದು ಕೇಳಿಸ್ಕೊಂಡಿದ್ದು ನೀನು, ನಾನಲ್ಲ.”

ಕಿಲೋಂಜೊ ಅವನ ಕಡೆ ತಿರುಗಿದ. ಕಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಪೊರೆ ಮ್ವಾಕಿಯೊಗೆ ಆಗ ಮೊದಲ ಸಲ ಕಾಣಿಸಿತು. ದಿನವೂ ಪಕ್ಕದಲ್ಲೇ ಕೂತವನ ಮುಖವನ್ನು ತಾನು ಎಷ್ಟು ಕಾಲದಿಂದ ಸರಿಯಾಗಿ ನೋಡಿಲ್ಲ ಅನ್ನಿಸಿತು.

“ಇಷ್ಟು ದಿನ ನಿದ್ದೆ ಇಲ್ಲ ನನಗೆ,” ಎಂದ ಕಿಲೋಂಜೊ. “ಕತ್ತೆ.”

“ನೀನೇ ಕತ್ತೆ. ಇದು ಪೊರೆ ಕಣೋ. ನಮ್ಮ ಅತ್ತೆಗೂ ಬಂದಿತ್ತು. ತೆಗೆಸಿದ್ರೆ ಹೋಗುತ್ತೆ. ಈಗ ಸೂಜಿಗೆ ದಾರ ಪೋಣಿಸ್ತಾಳೆ, ನನ್ನ ಅಂಗಿ ಕೊಳೆ ದೂರದಿಂದಲೇ ಕಂಡು ಹಿಡೀತಾಳೆ.”

“ಕಣ್ಣಿಗೆ ಚಾಕು ಹಾಕ್ತಾರಂತೆ.”

“ಹಾಕ್ತಾರೆ.”

“ನಾನು ಬರಲ್ಲ.”

“ಅಣ್ಣ, ಎರಡು ಸಲ ಆಸ್ಪತ್ರೆ ಬಾಗಿಲ ತನಕ ಕರ್ಕೊಂಡು ಹೋಗಿದೀನಿ,” ಎಂದಳು ಮ್ವೆಂಡೆ ಹಿಂದಿನಿಂದ. “ಎರಡು ಸಲವೂ ಹೊಟ್ಟೆ ನೋವು ಅಂತ ವಾಪಸ್ ಬಂದ್ರು. ಆನೆ ಮೇಲೆ ಹಾರ್ತಿದ್ದ ಗಂಡಸು!”

ಮ್ವಾಕಿಯೊ ಆ ರಾತ್ರಿ ಅಲ್ಲೇ ಉಳಿದ. ಬೆಳಿಗ್ಗೆ ರೈಲಿಗೆ ಹೊರಡುವಾಗ ಕಿಲೋಂಜೊನ ಚೀಲವನ್ನೂ ಕೇಳದೆ ಎತ್ತಿಕೊಂಡ. ಕಿಲೋಂಜೊ ಸ್ಟೇಷನ್ನಿನವರೆಗೂ ಜಗಳವಾಡುತ್ತ ಬಂದ, ಜಗಳವಾಡುತ್ತಲೇ ರೈಲು ಹತ್ತಿದ. ಹೊಟ್ಟೆ ನೋವು ಅಂತ ಮಾತ್ರ ಹೇಳಲಿಲ್ಲ.

ನೈರೋಬಿಯ ಕಣ್ಣಿನ ಆಸ್ಪತ್ರೆಯಲ್ಲಿ ಒಳಗೆ ಕರೆದಾಗ ಕಿಲೋಂಜೊ ಮ್ವಾಕಿಯೊನ ಕೈ ಬಿಡಲಿಲ್ಲ. ನರ್ಸಮ್ಮ ನಕ್ಕು ಬಿಡಿಸಿದಳು. “ಎಲ್ಲಾ ನನ್ನ ಕೈಗೆ ಬಿಟ್ಟು ಮಲಕ್ಕೊಳ್ಳಿ, ಬಾಬಾ,” ಎಂದಳು. ಬಾಗಿಲು ಮುಚ್ಚಿತು. ಮ್ವಾಕಿಯೊ ಆಚೆಯ ಬೆಂಚಿನ ಮೇಲೆ, ಹೆರಿಗೆಗೆ ಹೆಂಡತಿಯನ್ನು ಕಳಿಸಿ ಕೂತವನ ಹಾಗೆ ಕೂತ.

ಮೊದಲು ಒಂದು ಕಣ್ಣು ಮಾಡಿದರು. ಅದಕ್ಕೆ ಪಟ್ಟಿ ಕಟ್ಟಿದ್ದರು, ಇನ್ನೊಂದು ಮೊದಲೇ ಮಂಜು. ಸೌತ್ ಬಿ ಬಡಾವಣೆಯಲ್ಲಿ ಮ್ವಾಕಿಯೊ ಬಾಡಿಗೆಗೆ ಹಿಡಿದಿದ್ದ ಒಂದೇ ಕೋಣೆಯಲ್ಲಿ ಕಿಲೋಂಜೊ ಹಾಸಿಗೆಯ ಮೇಲೆ ರಾಜನ ಹಾಗೆ ಒರಗಿಕೊಂಡ. ಮ್ವಾಕಿಯೊ ಸುಕುಮಾ ಸೊಪ್ಪು ಹೆಚ್ಚಿ, ಉಗಾಲಿ ತಿರುವಿ, ತುತ್ತು ಮಾಡಿ ಕೈಗೆ ಕೊಟ್ಟ.

“ಉಪ್ಪಿಲ್ಲ.”

“ಇದೆ. ನಾಲಿಗೆಗೂ ಪೊರೆ ಬಂದಿದೆ ನಿನಗೆ.”

ಊಟವಾದ ಮೇಲೆ ಮ್ವಾಕಿಯೊ ಕುರ್ಚಿಯ ಮೇಲೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ. ಮುಂದೆ ಹಿಡಿ ಇದೆ ಅಂದುಕೊಂಡು ಕೈ ಚಾಚಿದ. ಹೀಗೆ ಕುರ್ಚಿಯ ಮೇಲೆ ಕೂತು ಮನಸ್ಸಿನಲ್ಲೇ ಹಾರಿ ಅಭ್ಯಾಸ ಮಾಡಬೇಕು ಅಂತ ಚೆಲಗಟ್ ಹೇಳಿಕೊಟ್ಟಿದ್ದಳು. ಅವನು ಗೊಣಗುವುದನ್ನು ಕೇಳಿ ಕಿಲೋಂಜೊ ವಿಚಾರಿಸಿ ತಿಳಿದುಕೊಂಡ.

“ಹಾಗಾದ್ರೆ ಗಡಿಯಾರ ನಾನಾಗ್ತೀನಿ. ನಾನು ಹೇಳಿದ್ದಕ್ಕೆ ನೀನು ಉತ್ತರ ಕೊಡು. ವೇಗ ಹೆಚ್ತಾ ಇದೆ, ಎತ್ತರ ಇಳೀತಾ ಇದೆ, ಪುಟಾಣಿ ವಿಮಾನ ಎಡಕ್ಕೆ ವಾಲಿದೆ.”

“ಎಂಜಿನ್ ತಗ್ಗಿಸ್ತೀನಿ. ಮೊದಲು ರೆಕ್ಕೆ ನೇರ ಮಾಡ್ತೀನಿ. ಆಮೇಲೆ ಮೂಗು ಎತ್ತುತ್ತೀನಿ, ಮೆಲ್ಲಗೆ.”

“ಸರಿ. ದಿಕ್ಕು ಬಲಕ್ಕೆ ಜಾರ್ತಿದೆ.”

“ಸ್ವಲ್ಪವೇ ಎಡಕ್ಕೆ. ಕಾಯ್ತೀನಿ.”

“ನಡುವಿನ ಗುಂಡು ಕೆಟ್ಟು ಹೋಗಿದೆ. ಹಿಂದಿನ ಸೀಟಲ್ಲಿ ಸಿಂಹ ಕೂತಿದೆ. ಅದಕ್ಕೆ ಹಸಿವಾಗಿದೆ.”

“ಸಿಂಹಕ್ಕೆ ಕಾಂಬಾದವನನ್ನ ಕೊಡ್ತೀನಿ. ಉಪ್ಪಿಲ್ಲ ಅನ್ನಲಿ.”

ಪಕ್ಕದ ಕೋಣೆಯವರು ಗೋಡೆ ಬಡಿಯುವವರೆಗೂ ಇಬ್ಬರೂ ನಕ್ಕರು. ಆಮೇಲೆ ಬಹಳ ಸಂಜೆಗಳು ಹಾಗೇ ಕಳೆದವು. ಕಿಲೋಂಜೊ ಕೊಡುತ್ತಿದ್ದ ಕಷ್ಟಗಳ ಮುಂದೆ ಚೆಲಗಟ್‌ಳ ಪಾಠ ಮ್ವಾಕಿಯೊಗೆ ಹಗುರವಾಗತೊಡಗಿತು.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಕಿಲೋಂಜೊ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಡಾಕ್ಟರ ನೀಲಿ ಅಂಗಿ ನೋಡಿದ. ಕೊನೆಗೆ ಮ್ವಾಕಿಯೊನ ಮುಖಕ್ಕೆ ಮುಖ ತಂದು ದಿಟ್ಟಿಸಿದ.

“ಅಯ್ಯೋ ದೇವರೇ,” ಎಂದ. “ನೀನು ಇಷ್ಟು ಮುದುಕ ಆಗಿದ್ದು ಯಾವಾಗ?”

ಎರಡನೆಯ ಕಣ್ಣೂ ಆಗುವ ಹೊತ್ತಿಗೆ ನವೆಂಬರ್ ಮಳೆ ಹಿಡಿದಿತ್ತು. ಮ್ವಾಕಿಯೊ ಪರೀಕ್ಷೆಗೆ ಕೂತ, ಫೇಲಾದ. ಗಾಬರಿಯಲ್ಲಿ ಎತ್ತರ ಮರೆತಿದ್ದ. ಚೆಲಗಟ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಟೋಪಿ ಹಾಕ್ಕೊಂಡು ಹಾರಿದ್ದು ಸಾಕು. ನಿಜವಾದ ಮೋಡಕ್ಕೆ ಹೋಗೋಣ,” ಎಂದಳು. “ಹಿಂದಿನ ಸೀಟು ಖಾಲಿ ಇದೆ. ನಿಮ್ಮ ಸ್ನೇಹಿತರು ಬರ್ತಾರಾ?”

ಕೇಳಲು ಮ್ವಾಕಿಯೊಗೆ ಬಾಯಿ ಬರಲಿಲ್ಲ. ಅವಳೇ ಕೇಳಿದಳು. ಕಿಲೋಂಜೊ “ಈಯಮ್ಮ ಜೊತೇಲಿರ್ತಾಳೆ ಅಂದ್ರೆ ಬರ್ತೀನಿ,” ಅಂದ. ಆದರೆ ಹತ್ತುವಾಗ ಅವನು ಮ್ವಾಕಿಯೊನ ಹಿಂದಿನ ಸೀಟನ್ನೇ ಆರಿಸಿಕೊಂಡು, ಬೆಲ್ಟು ಬಿಗಿದ ಮೇಲೆ ಅವನ ಭುಜವನ್ನು ಒಮ್ಮೆ ಒತ್ತಿದ.

ವೋಯ್‌ವರೆಗೆ ಹೋಗಿ ವಾಪಸ್ ಬರುವಾಗ ಕಿಬ್ವೇಜಿ ಊರಿನಾಚೆ ಮೋಡ ಗೋಡೆಯ ಹಾಗೆ ನಿಂತಿತ್ತು. ಮ್ವಾಕಿಯೊ ನೈರೋಬಿಗೆ ರೇಡಿಯೊದಲ್ಲಿ ಹೇಳಿ, ಅನುಮತಿ ಪಡೆದು, ಅದರೊಳಗೆ ನುಗ್ಗಿದ. ಬಿಳುಪು ಬಂದು ಕಿಟಕಿಗಳನ್ನು ಮುಚ್ಚಿತು. ಮಳೆ ಗಾಜಿಗೆ ರಾಚಿತು. ತಕ್ಷಣ ಅವನ ಮೈ ಎದ್ದು ಕೂತು ಕೂಗಿಕೊಂಡಿತು: ಬಲಕ್ಕೆ ಬೀಳುತ್ತಿದ್ದೀಯ, ಬಲಕ್ಕೆ! ಅವನು ನಡುವಿನ ಗುಂಡನ್ನು ನೋಡಿದ. ನೀಲಿ ಮೇಲೆ, ಕಂದು ಕೆಳಗೆ, ಪುಟಾಣಿ ವಿಮಾನದ ರೆಕ್ಕೆ ನೇರ. ದಿಕ್ಕನ್ನು ಕೇಳಿದ, ಅದೂ ನೇರ ಅಂದಿತು. ತಿರುಗುವುದನ್ನು ಹೇಳುವ ಗಡಿಯಾರವನ್ನು ಕೇಳಿದ. ಎಲ್ಲರದೂ ಒಂದೇ ಮಾತು. ಹೆದರಿದ ಮಗುವಿಗೆ ಹೇಳುವ ಹಾಗೆ ಮೈಗೆ ಒಳಗೊಳಗೇ ಹೇಳಿದ: ಇರಲಿ ಬಿಡು, ನಾನು ನೋಡ್ಕೊಳ್ತೀನಿ. ಹಿಡಿಯ ಮೇಲಿನ ಬೆರಳು ಸಡಿಲವಾದವು. ಚೆಲಗಟ್ ಕೈಕಟ್ಟಿ ಕೂತಿದ್ದಳು.

ಏರುತ್ತ ಏರುತ್ತ ಬಿಳುಪು ತೆಳುವಾಯಿತು, ಬೆಳಕಾಯಿತು, ಕಟ್ಟಕಡೆಗೆ ಹರಿಯಿತು. ಹಿಂದಿನ ಸೀಟಿನಲ್ಲಿ ಕಿಲೋಂಜೊ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

“ಏನು?” ಎಂದ ಮ್ವಾಕಿಯೊ, ಗಡಿಯಾರಗಳಿಂದ ಕಣ್ಣು ಕೀಳದೆ.

“ನೀನು ನಿನ್ನ ಕೆಲಸ ನೋಡು. ನಾನು ಹೇಳ್ತೀನಿ.” ಕಿಲೋಂಜೊ ಕಿಟಕಿಗೆ ಹಣೆ ಒತ್ತಿದ. “ಕೆಳಗೆಲ್ಲ ಬಿಳೀ ಮೋಡ, ಹತ್ತಿ ಹರಡಿದ ಹಾಗೆ. ಎಡಗಡೆ ದೂರದಲ್ಲಿ ಕಿಲಿಮಾಂಜಾರೊ ನಿಂತಿದೆ ಕಣೋ, ತಲೆ ಮಾತ್ರ. ಯಾರೋ ಈಗಷ್ಟೇ ತೊಳೆದು ಇಟ್ಟಿದಾರೆ. ಹಿಮದ ಒಂದೊಂದು ಗೆರೆನೂ ಕಾಣುತ್ತೆ. ಆಕಾಶ ಇಷ್ಟು ನೀಲಿ ಅಂತ ನನಗೆ ಮರೆತೇ ಹೋಗಿತ್ತು.”

“ಒಂದು ನಿಮಿಷ ನಾನು ಹಿಡ್ಕೊಳ್ತೀನಿ, ಮ್ಜೇ,” ಎಂದಳು ಚೆಲಗಟ್. “ನೀವೂ ನೋಡಿ.”

“ಬೇಡ ಟೀಚರಮ್ಮ. ಅವನು ಚೆನ್ನಾಗಿ ಹೇಳ್ತಿದಾನೆ.”

ನೈರೋಬಿಯ ಹತ್ತಿರ ಮತ್ತೆ ಮೋಡದೊಳಗೆ ಇಳಿದರು. ರೇಡಿಯೊದ ಹೆಣ್ಣುದನಿ ದಿಕ್ಕು ಹೇಳಿತು, ಎತ್ತರ ಹೇಳಿತು. ಮ್ವಾಕಿಯೊ ಹೇಳಿದಂತೆ ಕೇಳಿದ. ಮೋಡದ ತಳ ಹರಿದಾಗ ಎದುರಿಗೆ ಮಳೆಯಲ್ಲಿ ನೆಂದ ತಗಡಿನ ಮಾಡುಗಳು, ಬಟ್ಟೆ ಒಣಹಾಕಿದ ಹಗ್ಗಗಳು, ಎಲ್ಲವೂ ಇರಬೇಕಾದಲ್ಲಿ, ನೆಟ್ಟಗೆ ಇದ್ದವು.

ಎರಡನೆಯ ಸಲ ಪರೀಕ್ಷೆ ಪಾಸಾಯಿತು. ಚೆಲಗಟ್ ಅವನ ಕೈ ಕುಲುಕಿ, ಆಮೇಲೆ ಏನನ್ನಿಸಿತೋ, ತಬ್ಬಿಕೊಂಡಳು. ತ್ಸಾವೋದ ಮುಂದಿನ ಎಣಿಕೆ ಫೆಬ್ರವರಿಗೆ ಅಂತ ಸಂಸ್ಥೆಯವರು ಹೇಳಿದರು. ಹಿಂದಿನ ಎಣಿಕೆಯ ವಿಷಯ ಕಿಲೋಂಜೊ ತಾನೇ ಹೋಗಿ ಒಪ್ಪಿಕೊಂಡ. ಅವರು ಅರ್ಧ ಗಂಟೆ ಬೈದು, ಈ ಸಲ ಎಣಿಸುವ ಇನ್ನೊಬ್ಬಳನ್ನೂ ಜೊತೆಗೆ ಕೂರಿಸಿಕೊಂಡು ಎಣಿಸಬೇಕು ಅಂತ ಹೇಳಿ ಬಿಟ್ಟರು. ಅವನಿಗೆ ಅದು ನ್ಯಾಯವಾಗಿಯೇ ಕಂಡಿತು.

ಊರಿಗೆ ಹೊರಟ ದಿನ ರೈಲಿನಲ್ಲಿ ಕಿಲೋಂಜೊ ಕಿಟಕಿ ಪಕ್ಕ ಹಿಡಿದ. ರೈಲು ಬಿಟ್ಟಲ್ಲಿಂದ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದತೊಡಗಿದ: ಸಿಮೆಂಟಿನ ಜಾಹೀರಾತು, ಹಂದಿ ಮಾಂಸದ ಅಂಗಡಿ, ಯಾವುದೋ ಪವಾಡದ ಪಾದ್ರಿಯ ಪೋಸ್ಟರು, ಈ ಜಾಗ ಮಾರಾಟಕ್ಕಿಲ್ಲ. ಎದುರಿಗೆ ಕೂತ ಹೆಂಗಸು ಮೊದಲು ನಕ್ಕಳು, ಆಮೇಲೆ ಬೇಸರದಿಂದ ಶಾಲು ಹೊದ್ದುಕೊಂಡಳು. ಮ್ವಾಕಿಯೊಗೆ ತಿಂಗಳುಗಳ ದಣಿವು ಒಂದೇ ಸಲ ಬಂದು ಎರಗಿತು. ಅಥಿ ನದಿ ದಾಟುವಷ್ಟರಲ್ಲಿ ಅವನ ತಲೆ ಕಿಲೋಂಜೊನ ಭುಜಕ್ಕೆ ಜಾರಿತ್ತು.

ಕಿಲೋಂಜೊ ಭುಜ ಅಲುಗಿಸದೆ ಕೂತ. ಮುಂದಿನ ಬೋರ್ಡುಗಳನ್ನು ದನಿ ತಗ್ಗಿಸಿ ಓದಿದ.